ಕಂಪ್ಯೂಟರ್‌ಗೆ ಯುಪಿಎಸ್ ಕೊಳ್ಳುವ ಮೊದಲು ನಿಮ್ಮ ಮನೆಯ ಕರೆಂಟನ್ನು ಗಮನಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಕಂಪ್ಯೂಟರ್ ಅಂಗಡಿಗೆ ಹೋಗಿ ಡೆಸ್ಕ್‌ಟಾಪ್‌ಗೆ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರ್ ನಡೆಸುವ ಪೆಟ್ಟಿಗೆ) ಬೇಕು ಅಂದರೆ ಕೌಂಟರಿನಲ್ಲಿ ನಿಂತ ಹುಡುಗ ಕೇಳುವ ಮೊದಲ ಮಾತು, ‘ಸಿಕ್ಸ್ ಹಂಡ್ರೆಡ್ ಕೊಡ್ಲಾ, ಒನ್ ಕೆವಿಎ ಕೊಡ್ಲಾ ಸರ್?’ ನಾವು ಕೇಳುವ ಮೊದಲ ಮಾತು, ‘ಎಷ್ಟೊತ್ತು ಬರುತ್ತೆ?’ ‘ಅರ್ಧ ಗಂಟೆ ಆರಾಮಾಗಿ ಬರುತ್ತೆ’ ಎಂಬ ಉತ್ತರ ಸಿಕ್ಕಿದ ಮೇಲೆ ಬಿಲ್ ಆಗುತ್ತದೆ. ಆ ಅರ್ಧ ಗಂಟೆ ಯಾವ ಕಂಪ್ಯೂಟರ್‌ಗೆ, ಎಷ್ಟು ಲೋಡ್‌ಗೆ, ಎಷ್ಟು ಹಳೆಯ ಬ್ಯಾಟರಿಗೆ ಎಂಬುದನ್ನು ಇಬ್ಬರೂ ಮಾತಾಡಿರುವುದಿಲ್ಲ. ಮನೆಗೆ ತಂದು, ಮೊದಲ ಮಳೆಗೆ ಕರೆಂಟ್ ಹೋಗಿ, ಎಂಟೇ ನಿಮಿಷಕ್ಕೆ ಯುಪಿಎಸ್ ಕುಯ್ಯೋ ಎಂದು ಕೂಗಿ ಆಫ್ ಆದಾಗ ಮೋಸ ಹೋದೆವು ಅನ್ನಿಸುತ್ತದೆ. ಬಹುಪಾಲು ಸಲ ಆ ಪೆಟ್ಟಿಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತದೆ. ಅದರ ಕೆಲಸ ಏನು ಎಂಬುದು ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಓದುವ ಮೊದಲು, ನಿಮ್ಮ ಮನೆಯಲ್ಲಿ ಕರೆಂಟ್ ಹೇಗೆ ಹೋಗುತ್ತದೆ ಎಂದು ಗಮನಿಸಿ. ಬೆಂಗಳೂರಿನಲ್ಲೇ ಏರಿಯಾಗೊಂದು ಥರ. ಹಳೆಯ ಮರಗಳಿರುವ ಬಸವನಗುಡಿ, ಮಲ್ಲೇಶ್ವರದಂಥ ಕಡೆ ಗಾಳಿ ಬೀಸಿದಾಗ ಕೊಂಬೆ ತಂತಿಗೆ ತಾಗಿ ಲೈಟ್ ಒಮ್ಮೆ ಮಿಣುಕಿ ಮತ್ತೆ ಬರುತ್ತದೆ. ಫ್ಯಾನ್ ನಿಂತೂ ಇರುವುದಿಲ್ಲ, ಆದರೆ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗಿರುತ್ತದೆ. ಜನರೇಟರ್ ಇರುವ ಅಪಾರ್ಟ್‌ಮೆಂಟಿನಲ್ಲಿ ಕತ್ತಲೆ ಇರುವುದು ಡೀಸೆಲ್ ಸೆಟ್ ಶುರುವಾಗಿ ಲೋಡ್ ಹಿಡಿಯುವವರೆಗೆ, ಹತ್ತಿಪ್ಪತ್ತು ಸೆಕೆಂಡ್. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮರ ಬಿದ್ದರೆ ಮಾತ್ರ ಕಥೆ ಬೇರೆ. 1912ಕ್ಕೆ ಫೋನ್ ಮಾಡಿ ಬೆಸ್ಕಾಂನವರು ಬರುವ ತನಕ ಒಂದೋ ಎರಡೋ ಗಂಟೆ, ಕೆಲವೊಮ್ಮೆ ಇಡೀ ರಾತ್ರಿ. ಇನ್ನು ನಗರದ ಅಂಚಿನ ಬಡಾವಣೆಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಿಗೆ ಸಂಜೆ ಹೊತ್ತು ಕರೆಂಟ್ ಹೋಗುವುದಕ್ಕಿಂತ ಲೋ ವೋಲ್ಟೇಜ್ ದೊಡ್ಡ ಕಾಟ.

ಈ ನಾಲ್ಕಕ್ಕೂ ಒಂದೇ ಮದ್ದಿಲ್ಲ. ಮೊದಲ ಎರಡಕ್ಕೆ ಸಾಧಾರಣ ಯುಪಿಎಸ್ ಸಾಕು, ನಾಲ್ಕನೆಯದಕ್ಕೂ ಸರಿಯಾದದ್ದನ್ನು ಆರಿಸಿದರೆ ಸಾಕು. ಮೂರನೆಯದಕ್ಕೆ, ಅಂದರೆ ಗಂಟೆಗಟ್ಟಲೆ ಕರೆಂಟ್ ಹೋಗುವುದಕ್ಕೆ, ಕಂಪ್ಯೂಟರ್ ಪಕ್ಕ ಇಡುವ ಚಿಕ್ಕ ಯುಪಿಎಸ್ ಉತ್ತರವೇ ಅಲ್ಲ. ಅದು ಕೊಡುವುದು ನಿಮಿಷಗಳನ್ನು. ಕೆಲಸ ಸೇವ್ ಮಾಡಿ, ಮೀಟಿಂಗಿನಲ್ಲಿರುವವರಿಗೆ ಒಂದು ಮಾತು ಹೇಳಿ, ಕಂಪ್ಯೂಟರನ್ನು ಸರಿಯಾಗಿ ಶಟ್‌ಡೌನ್ ಮಾಡಲು ಬೇಕಾದ ನಿಮಿಷಗಳು.

ಇಪ್ಪತ್ತು ಮಿಲಿಸೆಕೆಂಡಿನ ಒಳಗೆ

ಲೈಟ್ ಮಿಣುಕಿದಾಗ ಫ್ಯಾನ್ ತಿರುಗುತ್ತಲೇ ಇದ್ದರೂ ಕಂಪ್ಯೂಟರ್ ಯಾಕೆ ಬೀಳುತ್ತದೆ ಎಂಬುದು ತಿಳಿದರೆ ಯುಪಿಎಸ್ ವಿಷಯ ಅರ್ಧ ತಿಳಿದ ಹಾಗೆ.

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಕರೆಂಟ್. ಅಂದರೆ ಸೆಕೆಂಡಿಗೆ 50 ಅಲೆ, ಒಂದೊಂದು ಅಲೆಗೆ 20 ಮಿಲಿಸೆಕೆಂಡ್. ಕಂಪ್ಯೂಟರ್ ಒಳಗಿನ ಎಸ್‌ಎಂಪಿಎಸ್ ಎಂಬ ಪವರ್ ಸಪ್ಲೈ ಈ ಅಲೆಯನ್ನು ಡಿಸಿಯಾಗಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟಾಗಿ ಬದಲಿಸಿ, ಒಂದು ದಪ್ಪ ಕೆಪಾಸಿಟರಿನಲ್ಲಿ ಸ್ವಲ್ಪ ಕೂಡಿಟ್ಟುಕೊಂಡು, ಅಲ್ಲಿಂದ ಮದರ್‌ಬೋರ್ಡಿಗೆ ಕೊಡುತ್ತದೆ. ಹೊರಗೆ ಕರೆಂಟ್ ಹೋದರೆ ಆ ಕೆಪಾಸಿಟರಿನಲ್ಲಿ ಉಳಿದದ್ದೇ ಗತಿ. ಚೆನ್ನಾಗಿ ಮಾಡಿದ ಎಸ್‌ಎಂಪಿಎಸ್ ಆದರೆ ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ, ಕಡಿಮೆ ಲೋಡಿನಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಕೆಪಾಸಿಟರ್ ಚಿಕ್ಕದು, ಅಷ್ಟೂ ತಡೆಯುವುದಿಲ್ಲ. ಫ್ಯಾನಿಗೆ ರೆಕ್ಕೆಯ ವೇಗವೇ ಆಸರೆ, ಹಾಗಾಗಿ ಅದು ನಿಲ್ಲುವುದಿಲ್ಲ. ಕಂಪ್ಯೂಟರ್‌ಗೆ ಅಂಥ ಆಸರೆ ಇಲ್ಲ.

ಯುಪಿಎಸ್ ಮಾಡಬೇಕಾದದ್ದು ಇಷ್ಟು: ಹೊರಗಿನ ಕರೆಂಟ್ ಹೋದದ್ದನ್ನು ಗುರುತಿಸಿ, ರಿಲೇ ಎಂಬ ಒಳಗಿನ ಸ್ವಿಚ್ ಬದಲಿಸಿ, ಬ್ಯಾಟರಿಯಿಂದ 230 ವೋಲ್ಟ್ ಹುಟ್ಟಿಸಿ ಆ 16 ಮಿಲಿಸೆಕೆಂಡ್ ಮುಗಿಯುವುದರೊಳಗೆ ಕಂಪ್ಯೂಟರ್‌ಗೆ ತಲುಪಿಸುವುದು. ಮನೆಗೆ ಕೊಳ್ಳುವ ಸಾಮಾನ್ಯ ಯುಪಿಎಸ್‌ಗಳು ಇದನ್ನು 4ರಿಂದ 10 ಮಿಲಿಸೆಕೆಂಡಿನಲ್ಲಿ ಮಾಡುತ್ತವೆ. ಅಷ್ಟು ಸಾಕು.

ಈಗ ಎಲ್ಲರ ಮನೆಯ ಪ್ರಶ್ನೆಗೆ ಬರೋಣ. ‘ಮನೆಗೇ ಇನ್ವರ್ಟರ್ ಹಾಕ್ಸಿದೀವಿ, ದೊಡ್ಡ ಬ್ಯಾಟ್ರಿ ಇದೆ, ಕಂಪ್ಯೂಟರ್‌ಗೆ ಬೇರೆ ಯಾಕೆ?’ ಲೈಟು, ಫ್ಯಾನಿಗೆಂದು ಹಾಕಿಸಿದ ಇನ್ವರ್ಟರಿಗೆ ಆತುರವಿಲ್ಲ. ಅದು ಬ್ಯಾಟರಿಗೆ ಬದಲಾಗಲು ಹಲವು ಸಲ 20 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಲೈಟ್ ಒಮ್ಮೆ ಮಿಣುಕುವಷ್ಟರಲ್ಲಿ ಕಂಪ್ಯೂಟರ್ ಬಿದ್ದಿರುತ್ತದೆ. ಆದರೆ ತುಂಬಾ ಇನ್ವರ್ಟರ್‌ಗಳ ಹಿಂಬದಿಯಲ್ಲೋ ಮುಂಬದಿಯಲ್ಲೋ ಒಂದು ಪುಟ್ಟ ಸ್ವಿಚ್ ಇರುತ್ತದೆ: ಒಂದು ಕಡೆ ‘ಇಕೋ’ ಅಥವಾ ‘ನಾರ್ಮಲ್’, ಇನ್ನೊಂದು ಕಡೆ ‘ಯುಪಿಎಸ್’. ಹಾಕಿಸಿದ ದಿನ ಎಲೆಕ್ಟ್ರಿಷಿಯನ್ ಎಲ್ಲಿ ಬಿಟ್ಟನೋ ಅಲ್ಲೇ ವರ್ಷಗಟ್ಟಲೆ ಇರುತ್ತದೆ. ಅದನ್ನು ಯುಪಿಎಸ್ ಕಡೆಗೆ ತಳ್ಳಿದರೆ ಇನ್ವರ್ಟರ್ ಬೇಗ ಬದಲಾಗುತ್ತದೆ. ಒಳಬರುವ ವೋಲ್ಟೇಜ್ ವಿಷಯದಲ್ಲೂ ಬಿಗಿಯಾಗುತ್ತದೆ. ಸುಮಾರು 180ಕ್ಕಿಂತ ಕೆಳಗೆ ಅಥವಾ 260ಕ್ಕಿಂತ ಮೇಲೆ ಹೋದರೆ ಬ್ಯಾಟರಿಗೆ ಹಾರುತ್ತದೆ. ಇಕೋದಲ್ಲಿ ಅದೇ ಇನ್ವರ್ಟರ್ 100 ವೋಲ್ಟ್‌ವರೆಗೂ ಸುಮ್ಮನಿರಬಹುದು.

ನಿಮ್ಮಲ್ಲಿ ಸೈನ್ ವೇವ್ ಇನ್ವರ್ಟರ್ (ಮನೆಯ ಕರೆಂಟಿನಂತೆಯೇ ನುಣುಪಾದ ಅಲೆ ಕೊಡುವುದು) ಇದ್ದು ಈ ಸ್ವಿಚ್ಚೂ ಇದ್ದರೆ, ಹೊಸದಾಗಿ ದುಡ್ಡು ಹಾಕುವ ಮೊದಲು ಇದನ್ನು ಪರೀಕ್ಷಿಸಿ. ಎಲ್ಲ ಕೆಲಸ ಸೇವ್ ಮಾಡಿ, ಕಂಪ್ಯೂಟರ್ ಓಡುತ್ತಿರುವಾಗ ಮೇನ್ ಸ್ವಿಚ್ ಆಫ್ ಮಾಡಿ ನೋಡಿ. ಐದಾರು ಸಲ ಮಾಡಿದರೂ ಕಂಪ್ಯೂಟರ್ ಬೀಳದಿದ್ದರೆ ನಿಮ್ಮ ಕೆಲಸ ಮುಗಿಯಿತು. ಒಂದೇ ಸಲ ಬಿದ್ದರೂ ನಡುವೆ ಚಿಕ್ಕ ಯುಪಿಎಸ್ ಬೇಕೆಂದೇ ಅರ್ಥ. ಆಗ ಮಿಣುಕನ್ನು ಯುಪಿಎಸ್ ನೋಡಿಕೊಳ್ಳುತ್ತದೆ, ಗಂಟೆಗಳನ್ನು ಇನ್ವರ್ಟರ್ ನೋಡಿಕೊಳ್ಳುತ್ತದೆ. ಬೆಂಗಳೂರಿನ ಮನೆಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಒಂದೇ ಎಚ್ಚರಿಕೆ, ಇನ್ವರ್ಟರ್ ಚೌಕಾಕಾರದ ಅಲೆ ಕೊಡುವ ಹಳೆಯ ಸ್ಕ್ವೇರ್ ವೇವ್ ಮಾದರಿಯದಾದರೆ ಯುಪಿಎಸ್ ಅದರ ಕರೆಂಟನ್ನು ಕರೆಂಟೆಂದೇ ಒಪ್ಪದೆ ತನ್ನ ಬ್ಯಾಟರಿಯನ್ನೇ ಖಾಲಿ ಮಾಡಿಕೊಳ್ಳುವುದುಂಟು.

ಲೆಕ್ಕ ವ್ಯಾಟ್‌ನಲ್ಲಿ ಹಾಕಿ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ 600 ವಿಎ ಎಂದಿರುತ್ತದೆ. ಅದರ ಕೆಳಗೆ ಅಥವಾ ಹಿಂಬದಿಯ ಸ್ಟಿಕ್ಕರಿನಲ್ಲಿ ಸಣ್ಣದಾಗಿ 360 ವ್ಯಾಟ್ ಎಂದಿರುತ್ತದೆ. ನಿಮಗೆ ಬೇಕಾದದ್ದು ಈ ಸಣ್ಣ ಅಂಕಿ. ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ಬರುವುದು ವಿಎ. ಅದರಲ್ಲಿ ನಿಜವಾಗಿ ಕೆಲಸಕ್ಕೆ ಒದಗುವುದು ವ್ಯಾಟ್. ಮನೆಯ ಯುಪಿಎಸ್‌ಗಳಲ್ಲಿ ವ್ಯಾಟ್ ಸಾಮಾನ್ಯವಾಗಿ ವಿಎಯ ಶೇ 60ರಷ್ಟು ಇರುತ್ತದೆ. ಕೆಲವಲ್ಲಿ ಶೇ 50 ಮಾತ್ರ. 1000 ವಿಎ, ಅಂದರೆ ಒಂದು ಕೆವಿಎ, ಎಂದು ಬರೆದ ಎರಡು ಪೆಟ್ಟಿಗೆಗಳಲ್ಲಿ ಒಂದು 600 ವ್ಯಾಟ್ ಕೊಟ್ಟು ಇನ್ನೊಂದು 500 ಕೊಡಬಹುದು. ಸ್ಟಿಕ್ಕರಿನಲ್ಲಿ ವ್ಯಾಟ್ ಅಂಕಿಯನ್ನೇ ಹಾಕಿಲ್ಲವೆಂದರೆ ಆ ಯುಪಿಎಸ್ ಬಿಡಿ.

ಇನ್ನು ನಿಮ್ಮ ಕಂಪ್ಯೂಟರ್ ಎಷ್ಟು ಎಳೆಯುತ್ತದೆ? ಎಸ್‌ಎಂಪಿಎಸ್ ಮೇಲೆ 450 ವ್ಯಾಟ್ ಎಂದಿದೆ, ಹಾಗಾದರೆ 600 ವಿಎ ಸಾಲದು ಎಂದು ಹೆದರುವವರು ಬಹಳ. ಆ 450 ಎಂಬುದು ಎಸ್‌ಎಂಪಿಎಸ್ ಕೊಡಬಲ್ಲ ಗರಿಷ್ಠ, ನಿಮ್ಮ ಮೆಷಿನ್ ಎಳೆಯುತ್ತಿರುವುದಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಟ್ಯಾಲಿ, ಬ್ರೌಸರ್, ಆನ್‌ಲೈನ್ ಕ್ಲಾಸ್, ಕೋಡಿಂಗ್ ನಡೆಯುವ ಸಾಧಾರಣ ಡೆಸ್ಕ್‌ಟಾಪ್ 50ರಿಂದ 100 ವ್ಯಾಟಿನೊಳಗೆ ಇರುತ್ತದೆ. 24 ಇಂಚಿನ ಎಲ್ಇಡಿ ಮಾನಿಟರ್‌ಗೆ 20–30 ವ್ಯಾಟ್, ವೈಫೈ ರೂಟರ್‌ಗೆ 10. ಎಲ್ಲ ಸೇರಿ 140 ಎಂದಿಟ್ಟುಕೊಳ್ಳಿ. 360 ವ್ಯಾಟಿನ ಯುಪಿಎಸ್‌ಗೆ ಇದು ಅರ್ಧಕ್ಕಿಂತ ಕಡಿಮೆ. ಅದೇ ಗೇಮಿಂಗ್ ಅಥವಾ ವಿಡಿಯೊ ಎಡಿಟಿಂಗ್ ಮೆಷಿನ್ ಆದರೆ ಲೆಕ್ಕ ಬದಲು. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಒಂದೇ 115 ವ್ಯಾಟ್, 4070 ಆದರೆ 200. ಪ್ರೊಸೆಸರ್, ಫ್ಯಾನ್, ಮಾನಿಟರ್ ಕೂಡಿ ರೆಂಡರ್ ಹೊತ್ತಿನಲ್ಲಿ 300, 400 ದಾಟುತ್ತದೆ. ಇದಕ್ಕೆ 600 ವ್ಯಾಟ್ ಕೊಡುವ 1000 ಅಥವಾ 1100 ವಿಎ ಯುಪಿಎಸ್ ಬೇಕೇ ಬೇಕು. ಲೋಡ್ ಮೀರಿದರೆ ಕರೆಂಟ್ ಹೋದ ಕ್ಷಣವೇ ಯುಪಿಎಸ್ಸೂ ಟ್ರಿಪ್ ಆಗುತ್ತದೆ. ಆಗ ಅದು ಇದ್ದೂ ಇಲ್ಲದ ಹಾಗೆ.

ಅಂದಾಜು ಬೇಡ ಎನ್ನುವವರು ಪ್ಲಗ್ಗಿಗೆ ಹಾಕುವ ಪವರ್ ಮೀಟರ್ ಕೊಳ್ಳಬಹುದು. ಗೋಡೆಯ ಸಾಕೆಟ್ಟಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸಿ, ನಿಮ್ಮ ಭಾರಿ ಕೆಲಸಗಳನ್ನೆಲ್ಲ ಓಡಿಸಿ, ಅದು ತೋರಿಸುವ ಅತಿ ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ. ಅದರ ಮೇಲೆ ಕಾಲು ಭಾಗ ಸೇರಿಸಿ. ಯುಪಿಎಸ್‌ನ ವ್ಯಾಟ್ ಅಷ್ಟಿದ್ದರೆ ನೆಮ್ಮದಿ.

ಲೇಸರ್ ಪ್ರಿಂಟರನ್ನು ಮಾತ್ರ ದಯವಿಟ್ಟು ಯುಪಿಎಸ್‌ಗೆ ಹಾಕಬೇಡಿ. ಒಳಗಿನ ಹೀಟರ್ ಕಾಯುವಾಗ ಅದು ಒಮ್ಮೆಲೇ ಸಾವಿರ ವ್ಯಾಟಿನ ಹತ್ತಿರ ಎಳೆಯುತ್ತದೆ.

ಆ ಅರ್ಧ ಗಂಟೆಯ ಮಾತು

600 ವಿಎ ಯುಪಿಎಸ್ ಬಿಚ್ಚಿದರೆ ಒಳಗೆ ಸಾಮಾನ್ಯವಾಗಿ ಒಂದೇ ಬ್ಯಾಟರಿ: 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್), ಇಟ್ಟಿಗೆಗಿಂತ ಚಿಕ್ಕದು. ಗುಣಿಸಿದರೆ 84 ವ್ಯಾಟ್-ಅವರ್. 140 ವ್ಯಾಟ್ ಲೋಡಿಗೆ ಭಾಗಿಸಿದರೆ 36 ನಿಮಿಷ. ಅಂಗಡಿಯ ‘ಅರ್ಧ ಗಂಟೆ’ ಬರುವುದು ಈ ಲೆಕ್ಕದಿಂದ. ಆದರೆ ಆ 7 ಎಎಚ್ ಎಂಬುದನ್ನು ಅಳೆಯುವುದು 20 ಗಂಟೆ ಕಾಲ ನಿಧಾನವಾಗಿ, 0.35 ಆಂಪಿಯರಿನಂತೆ ಖಾಲಿ ಮಾಡಿ. ಯುಪಿಎಸ್ ಅದೇ ಬ್ಯಾಟರಿಯಿಂದ 12–14 ಆಂಪಿಯರ್ ಎಳೆಯುತ್ತದೆ. ಸೀಸದ ಬ್ಯಾಟರಿಯ ಗುಣವೇ ಹಾಗೆ. ನಿಧಾನ ನಡೆದರೆ ಹತ್ತು ಮೈಲಿ ಹೋಗುವವನು ಓಡಿದರೆ ಎರಡನೇ ಮೈಲಿಗೇ ಏದುಸಿರು ಬಿಡುವಂತೆ, ವೇಗವಾಗಿ ಎಳೆದಷ್ಟೂ ಒಟ್ಟು ಕೊಡುವುದು ಕಡಿಮೆಯಾಗುತ್ತದೆ. ಹಾಗಾಗಿ 84ರಲ್ಲಿ ಅರ್ಧದಷ್ಟು ಕೈಗೆ ಬಂದರೆ ಹೆಚ್ಚು. ಅದರಲ್ಲೂ 12 ವೋಲ್ಟನ್ನು 230 ಮಾಡುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಹೊಸ ಬ್ಯಾಟರಿಯಲ್ಲಿ 140 ವ್ಯಾಟಿಗೆ ಹದಿನೈದು ನಿಮಿಷದ ಆಚೀಚೆ, 200 ವ್ಯಾಟಿಗೆ ಹತ್ತು ನಿಮಿಷದ ಆಸುಪಾಸು ಎಂದು ಲೆಕ್ಕ ಹಾಕಿದರೆ ನಿರಾಸೆ ಆಗುವುದಿಲ್ಲ. ಎರಡು ವರ್ಷದ ಬ್ಯಾಟರಿಯಲ್ಲಿ ಇದೂ ಇಳಿಯುತ್ತದೆ.

ಇದು ತಿಳಿದ ಮೇಲೆ ಒಂದು ಉಪಾಯ ತಾನೇ ಹೊಳೆಯುತ್ತದೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆಯನ್ನು ಕಂಪ್ಯೂಟರಿನ ಯುಪಿಎಸ್ ಮೇಲೆ ಹೊರಿಸುವ ಬದಲು, 12 ವೋಲ್ಟ್ ಡಿಸಿ ಕೊಡುವ ಪುಟ್ಟ ರೂಟರ್ ಯುಪಿಎಸ್‌ಗೆ ಹಾಕಿ. 10 ವ್ಯಾಟಿನ ಲೋಡು, ಅದೂ 230ಕ್ಕೆ ಏರಿಸಿ ಮತ್ತೆ ಇಳಿಸುವ ಗೊಡವೆಯಿಲ್ಲದೆ. ಗಂಟೆಗಳ ಕಾಲ ಬರುತ್ತದೆ. ಕಂಪ್ಯೂಟರ್ ಶಟ್‌ಡೌನ್ ಮಾಡಿ ಲ್ಯಾಪ್‌ಟಾಪಿನಲ್ಲೋ ಫೋನಿನಲ್ಲೋ ಮೀಟಿಂಗ್ ಮುಂದುವರಿಸಬಹುದು. ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಹೊಂದುತ್ತದೆಯೇ ಎಂದು ನೋಡಿಯೇ ಕೊಳ್ಳಿ. 9 ವೋಲ್ಟಿನ ರೂಟರ್‌ಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು.

ಯಾವ ಮಾದರಿ

ಅಂಗಡಿಯಲ್ಲಿ ಸಿಗುವುದು ಮೂರು ಬಗೆ. ಆಫ್‌ಲೈನ್ ಎಂಬುದು ಕರೆಂಟ್ ಇರುವಾಗ ಅದನ್ನು ಇದ್ದ ಹಾಗೇ ಒಳಗೆ ಬಿಟ್ಟು, ಹೋದಾಗ ಮಾತ್ರ ಬ್ಯಾಟರಿಗೆ ಬದಲಾಗುತ್ತದೆ. ಲೈನ್ ಇಂಟರಾಕ್ಟಿವ್ ಎಂಬುದರಲ್ಲಿ ಇದರ ಜೊತೆಗೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ; ವೋಲ್ಟೇಜ್ ಇಳಿದರೆ ಏರಿಸುತ್ತದೆ, ಏರಿದರೆ ತಗ್ಗಿಸುತ್ತದೆ, ಬ್ಯಾಟರಿಯನ್ನು ಮುಟ್ಟದೆಯೇ. ಸಂಜೆ 170 ವೋಲ್ಟಿಗೆ ಇಳಿಯುವ ಬಡಾವಣೆಯಲ್ಲಿ ಆಫ್‌ಲೈನ್ ಯುಪಿಎಸ್ ದಿನಾ ಬ್ಯಾಟರಿಗೆ ಹಾರುತ್ತಾ, ಸರಿಯಾಗಿ ಚಾರ್ಜ್ ಆಗಲು ಬಿಡುವಿಲ್ಲದೆ ಬೇಗ ಸಾಯುತ್ತದೆ. ಲೈನ್ ಇಂಟರಾಕ್ಟಿವ್ ಅದನ್ನು ತಾಳಿಕೊಳ್ಳುತ್ತದೆ. ಆದ್ದರಿಂದ ಮನೆಗೆ ಲೈನ್ ಇಂಟರಾಕ್ಟಿವ್ ಎಂದೇ ಕೇಳಿ ತೆಗೆದುಕೊಳ್ಳಿ. ಸ್ಟಿಕ್ಕರಿನಲ್ಲಿ ಒಳಬರುವ ವೋಲ್ಟೇಜಿನ ಮಿತಿ 145–290 ಎಂಬಂತೆ ಅಗಲವಾಗಿದ್ದರೆ ಒಳ್ಳೆಯದು. ಆನ್‌ಲೈನ್ ಎಂಬ ಮೂರನೆಯದು ಸದಾ ಕರೆಂಟನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡಿ ಕೊಡುತ್ತದೆ. ಬದಲಾಗುವ ಹೊತ್ತೇ ಇಲ್ಲ. ಆದರೆ ಬೆಲೆ ಹಲವು ಪಟ್ಟು, ಒಳಗಿನ ಫ್ಯಾನ್ ಸದ್ದು ದಿನವಿಡೀ. ಸರ್ವರ್ ಕೋಣೆಗೆ ಸರಿ, ಮಲಗುವ ಕೋಣೆಯ ಮೂಲೆಯ ಡೆಸ್ಕ್‌ಟಾಪಿಗೆ ಬೇಡ.

ಜನರೇಟರ್ ಇರುವ ಅಪಾರ್ಟ್‌ಮೆಂಟಿನವರು ಇನ್ನೊಂದು ನೋಡಬೇಕು. ಡೀಸೆಲ್ ಸೆಟ್ ಲೋಡ್ ಹಿಡಿಯುವಾಗ ವೋಲ್ಟೇಜೂ ಫ್ರೀಕ್ವೆನ್ಸಿಯೂ ಸ್ವಲ್ಪ ಓಲಾಡುತ್ತವೆ. ಅತಿ ಸೂಕ್ಷ್ಮದ ಯುಪಿಎಸ್ ಅದನ್ನು ನಂಬದೆ ಬ್ಯಾಟರಿಯಲ್ಲೇ ಉಳಿದು, ಜನರೇಟರ್ ಓಡುತ್ತಿದ್ದರೂ ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ. ಸೆನ್ಸಿಟಿವಿಟಿ ಕಡಿಮೆ ಮಾಡಲು ಬರುವ ಮಾದರಿ ಆರಿಸಿದರೆ ಈ ತೊಂದರೆ ಇಲ್ಲ.

ಸೈನ್ ವೇವ್ ಬೇಕೇ ಎಂಬ ಪ್ರಶ್ನೆಗೆ ಅಂತರ್ಜಾಲದಲ್ಲಿ ದೊಡ್ಡ ಜಗಳವೇ ಇದೆ. ಕಡಿಮೆ ಬೆಲೆಯ ಯುಪಿಎಸ್ ಬ್ಯಾಟರಿಯಲ್ಲಿರುವಾಗ ನುಣುಪಾದ ಅಲೆಯ ಬದಲು ಮೆಟ್ಟಿಲಿನಾಕಾರದ ಅಲೆ ಕೊಡುತ್ತದೆ. ಇವತ್ತಿನ ‘80 ಪ್ಲಸ್’ ಎಂಬ ದಕ್ಷತೆಯ ಗುರುತಿನ ಎಸ್‌ಎಂಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಆ್ಯಕ್ಟಿವ್ ಪಿಎಫ್‌ಸಿ ಎಂಬ ಭಾಗ ಇರುತ್ತದೆ, ಅದು ನುಣುಪಾದ ಅಲೆಯನ್ನೇ ಬಯಸುತ್ತದೆ. ಮೆಟ್ಟಿಲಲೆ ಸಿಕ್ಕಾಗ ಒಮ್ಮೆಲೇ ಹೆಚ್ಚು ಎಳೆದು ಯುಪಿಎಸ್ ಟ್ರಿಪ್ ಆಗುವುದುಂಟು, ಕಂಪ್ಯೂಟರ್ ಆಫ್ ಆಗುವುದೂ ಉಂಟು. ಎಷ್ಟೋ ಮೆಷಿನ್‌ಗಳಲ್ಲಿ ಏನೂ ಆಗುವುದಿಲ್ಲ. ಲೋಡ್ ಯುಪಿಎಸ್‌ನ ಅರ್ಧದೊಳಗಿದ್ದರೆ ಸಾಧಾರಣ ಯುಪಿಎಸ್ ಕೊಂಡು, ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷೆ ಮಾಡಿ ಎನ್ನುತ್ತೇನೆ. ದುಬಾರಿ ಗ್ರಾಫಿಕ್ಸ್ ಕಾರ್ಡಿನ ಮೆಷಿನ್ ಆದರೆ ಮೊದಲೇ ಪ್ಯೂರ್ ಸೈನ್ ವೇವ್‌ಗೆ ಹೋಗಿ.

ಹಣ ಇನ್ನೂ ಸ್ವಲ್ಪ ಉಳಿದರೆ ಯುಎಸ್‌ಬಿ ಪೋರ್ಟ್ ಇರುವುದನ್ನು ಕೊಳ್ಳಿ. ಆ ವೈರ್ ಸಿಕ್ಕಿಸಿದರೆ ವಿಂಡೋಸ್ ಯುಪಿಎಸ್ಸನ್ನು ಲ್ಯಾಪ್‌ಟಾಪ್ ಬ್ಯಾಟರಿಯಂತೆ ಗುರುತಿಸಿ, ಚಾರ್ಜ್ ತಳ ಮುಟ್ಟುವಾಗ ತಾನೇ ಹೈಬರ್ನೇಟ್ ಆಗುತ್ತದೆ, ಅಂದರೆ ತೆರೆದ ಕೆಲಸವನ್ನು ಉಳಿಸಿಟ್ಟು ಆಫ್ ಆಗುತ್ತದೆ. ಲಿನಕ್ಸಿನಲ್ಲಿ ‘ನಟ್’ ಎಂಬ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ರಾತ್ರಿ ಡೌನ್‌ಲೋಡ್ ಹಾಕಿ ಮಲಗುವವರಿಗೆ, ಅಪ್ಪ ಅಮ್ಮನ ಮನೆಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ಇದು ಹೆಚ್ಚಿನ ಬ್ಯಾಟರಿಗಿಂತ ಉಪಯೋಗ. 600 ವಿಎಯ ಅನೇಕ ಮಾದರಿಗಳಲ್ಲಿ ಈ ಪೋರ್ಟ್ ಇರುವುದಿಲ್ಲ, ಕೇಳಿಯೇ ಕೊಳ್ಳಬೇಕು. ಹಾಗೆಯೇ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ಗುರುತೂ ಸಂಖ್ಯೆಯೂ ಸ್ಟಿಕ್ಕರಿನಲ್ಲಿರಲಿ. ಮನೆಬಳಕೆಯ ಯುಪಿಎಸ್‌ಗೆ ಅದು ಕಡ್ಡಾಯ.

ಅರ್ಥಿಂಗ್ ಇಲ್ಲದಿದ್ದರೆ

ಕಂಪ್ಯೂಟರ್ ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿದಾಗ ಬೆರಳಿಗೆ ಜುಂ ಎನ್ನುತ್ತದೆಯೇ? ಹಾಗಾದರೆ ಯುಪಿಎಸ್ ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಎಸ್‌ಎಂಪಿಎಸ್‌ನಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್ಲಿನಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿಗೆ ಸೇರಿರುತ್ತವೆ, ಅಲ್ಲಿಂದ ಅರ್ಥ್ ವೈರ್ ಮೂಲಕ ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಎರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ ತೂಗುತ್ತದೆ. ಕರೆಂಟ್ ತೀರಾ ಕಡಿಮೆಯಾದ್ದರಿಂದ ಬರೀ ಜುಂ ಅನ್ನುತ್ತದೆ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಹಿಂದೆ ಎರಡೇ ವೈರ್ ಇರುವುದು ಹೊಸದೇನಲ್ಲ. ಮಲ್ಟಿಮೀಟರಿನಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೂ ಫೇಸ್‌ನಿಂದ ಅರ್ಥ್‌ಗೂ ಹೆಚ್ಚುಕಮ್ಮಿ ಒಂದೇ ವೋಲ್ಟ್ ತೋರಿಸಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಇರಬಾರದು. ಯುಪಿಎಸ್ ಮೇಲೆ ಸರ್ಜ್ ಪ್ರೊಟೆಕ್ಷನ್ (ಒಮ್ಮೆಲೇ ನುಗ್ಗುವ ಹೆಚ್ಚಿನ ವೋಲ್ಟೇಜ್ ತಡೆಯುವುದು) ಎಂದು ಬರೆದಿದ್ದರೂ, ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರ ರಕ್ಷಣೆ ಅರೆಬರೆಯೇ. ಹತ್ತಿರದಲ್ಲಿ ಸಿಡಿಲು ಹೊಡೆಯುವಾಗಲಂತೂ ಪ್ಲಗ್ ಕಿತ್ತಿಡುವುದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ತಾಮ್ರದ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.

ಬೀದಿಯ ಲೈನಿನಲ್ಲಿ ನ್ಯೂಟ್ರಲ್ ಕಡಿದರೆ 230 ಇರಬೇಕಾದಲ್ಲಿ 400ರ ಹತ್ತಿರ ಬರುವುದುಂಟು. ಆಗ ಯುಪಿಎಸ್ ಸುಟ್ಟರೂ ಕಂಪ್ಯೂಟರ್ ಉಳಿಯುವ ಸಾಧ್ಯತೆ ಹೆಚ್ಚು.

ತಂದ ಮೇಲೆ

ಹೊಸ ಯುಪಿಎಸ್ಸನ್ನು ಮೊದಲು ಏಳೆಂಟು ಗಂಟೆ ಚಾರ್ಜ್‌ಗೆ ಬಿಡಿ. ಆಮೇಲೆ ಕೆಲಸ ಸೇವ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ, ಎಷ್ಟು ನಿಮಿಷ ಬರುತ್ತದೆಂದು ಗಡಿಯಾರ ನೋಡಿ ಬರೆದಿಡಿ. ಪ್ಲಗ್ ಕೀಳಬೇಡಿ, ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ, ಅರ್ಥ್ ಹಾಗೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಹೀಗೆ ನೋಡಿದರೆ ಬ್ಯಾಟರಿ ಯಾವಾಗ ಕೈಕೊಡುತ್ತದೆ ಎಂಬುದು ಮೊದಲೇ ತಿಳಿಯುತ್ತದೆ. ಮೊದಲು ಬರೆದಿಟ್ಟ ನಿಮಿಷಗಳಲ್ಲಿ ಅರ್ಧಕ್ಕೆ ಇಳಿದರೆ ಬದಲಿಸುವ ಹೊತ್ತು.

ಈ ಬ್ಯಾಟರಿಗಳ ಆಯಸ್ಸನ್ನು ಲೆಕ್ಕ ಹಾಕುವುದು 25 ಡಿಗ್ರಿ ಶಾಖಕ್ಕೆ. ಅದಕ್ಕಿಂತ 10 ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ. ತಂಪಾದ ಊರೆಂದು ನಾವು ಹೇಳಿಕೊಳ್ಳುವ ಬೆಂಗಳೂರಿನಲ್ಲೇ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ದಾಖಲಾಗಿದೆ. ಮೇಜಿನ ಕೆಳಗೆ ಗೋಡೆಗೆ ಒತ್ತಿ, ಕಂಪ್ಯೂಟರಿನ ಬಿಸಿಗಾಳಿ ಬೀಸುವ ಜಾಗದಲ್ಲಿ, ಮೇಲೆ ಹಳೆಯ ಪುಸ್ತಕ ಪೇರಿಸಿ ಇಟ್ಟ ಯುಪಿಎಸ್‌ನ ಬ್ಯಾಟರಿ ಎರಡು ವರ್ಷಕ್ಕೇ ಮುಗಿಯುತ್ತದೆ. ನಾಲ್ಕು ಬೆರಳಿನಷ್ಟು ಜಾಗ ಸುತ್ತ ಬಿಟ್ಟು ಗಾಳಿಯಾಡುವ ಕಡೆ ಇಟ್ಟರೆ ಮೂರು, ನಾಲ್ಕು ವರ್ಷ ಬರಬಹುದು.

ಬ್ಯಾಟರಿ ಹೋಯಿತೆಂದು ಯುಪಿಎಸ್ಸನ್ನೇ ಗುಜರಿಗೆ ಹಾಕಬೇಕಿಲ್ಲ. ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಎಲ್ಲ ಕಡೆ ಸಿಗುತ್ತದೆ. ಕೊಳ್ಳುವ ಮೊದಲು ಹಳೆಯದರ ಟರ್ಮಿನಲ್ ಅಗಲ ಅಳೆದುಕೊಳ್ಳಿ, 4.8 ಮಿಲಿಮೀಟರಿನದೂ ಇದೆ, 6.3ರದೂ ಇದೆ, ತಪ್ಪಿದರೆ ವೈರಿನ ತುದಿ ಕೂರುವುದಿಲ್ಲ. 1000 ವಿಎ ಮಾದರಿಗಳಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿ, ಬದಲಿಸಿದರೆ ಎರಡನ್ನೂ ಒಟ್ಟಿಗೆ ಬದಲಿಸಿ, ಒಂದೇ ಕಂಪನಿಯದು, ಒಂದೇ ತಿಂಗಳಿನದು. ಬ್ಯಾಟರಿ ಮೇಲಿನ ತಯಾರಿಕೆಯ ತಿಂಗಳು ನೋಡಿ. ವರ್ಷವಿಡೀ ಅಂಗಡಿಯ ಕಪಾಟಿನಲ್ಲಿ ಕೂತದ್ದು ಹೊಸದಲ್ಲ. ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಎಳೆದಾಡದೆ ಸರ್ವಿಸ್‌ನವರಿಂದಲೇ ತೆಗೆಸಿ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಒಳಗಿರುವುದು ಸೀಸ ಮತ್ತು ಆ್ಯಸಿಡ್. ಹೊಸದು ಕೊಡುವ ಅಂಗಡಿಯವರಿಗೇ ಕೊಟ್ಟರೆ ಬಿಲ್ಲಿನಲ್ಲಿ ಒಂದಷ್ಟು ಕಡಿಮೆಯೂ ಮಾಡುತ್ತಾರೆ; 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಸಂಗ್ರಹವಾಗಿ ಮರುಬಳಕೆಗೆ ಹೋಗುವಂತೆ ನೋಡಿಕೊಳ್ಳುವ ಹೊಣೆ ತಯಾರಕರದೇ.